ನೋಡಿಕೊಳ್ಳಲು ಆಗುವಷ್ಟು: ನೆಮ್ಮದಿಯ ಬದುಕಿನ ಕುರಿತು ಓದುಗರ ಪ್ರಶ್ನೆಗಳು

ಸರಳ ಬದುಕು ಮತ್ತು ಮನಸ್ಸಿನ ನೆಮ್ಮದಿಯ ಬಗ್ಗೆ ಮುಂಬೈ, ಪುಣೆ ಮತ್ತು ಗೋವಾದ ಕನ್ನಡಿಗರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇನೆ. ಪತ್ರಗಳು ದೀರ್ಘವಾಗಿದ್ದುದರಿಂದ ಮುಖ್ಯ ಭಾಗವನ್ನಷ್ಟೇ ಕೊಟ್ಟಿದೆ. ಎಲ್ಲರೂ ಮನೆಯೊಳಗಿನ ಸಂಗತಿಗಳನ್ನು ಬಿಚ್ಚುಮನಸ್ಸಿನಿಂದ ಬರೆದಿರುವ ಕಾರಣ ಯಾರ ಹೆಸರನ್ನೂ ಪ್ರಕಟಿಸಿಲ್ಲ.

ಪ್ರಶ್ನೆ: ಡೊಂಬಿವಲಿಯಲ್ಲಿ ಮನೆ, ಫೋರ್ಟ್‌ನ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಬೆಳಗ್ಗೆ ಐದಕ್ಕೆ ಎದ್ದು ನೀರು ತುಂಬಿಸಿ, ಇಬ್ಬರು ಮಕ್ಕಳ ಡಬ್ಬಾ ಕಟ್ಟಿ, ಅತ್ತೆಯವರ ಔಷಧಿ ಕೊಟ್ಟು, ಓಡೋಡಿ ಫಾಸ್ಟ್ ಲೋಕಲ್ ಹಿಡಿಯುತ್ತೇನೆ. ರಾತ್ರಿ ಹನ್ನೊಂದಕ್ಕೆ ಕೆಲಸವೆಲ್ಲ ಮುಗಿದ ಮೇಲೆ ಮೊಬೈಲಿನಲ್ಲಿ ಧ್ಯಾನದ ಆ್ಯಪ್ ಹಾಕಿಕೊಂಡು ಕುಳಿತರೆ ನಾಳೆಯ ತರಕಾರಿ ನೆನಪಾಗುತ್ತದೆ, ಇಲ್ಲವೇ ತೂಕಡಿಕೆ ಬರುತ್ತದೆ. ನಾಲ್ಕಕ್ಕೆ ಎದ್ದು ಬ್ರಾಹ್ಮೀ ಮುಹೂರ್ತದಲ್ಲಿ ಕುಳಿತರೆ ಮಾತ್ರ ಮನಸ್ಸು ನಿಲ್ಲುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು. ನನ್ನಂಥವಳಿಗೆ ನೆಮ್ಮದಿ ಸಿಗುವುದು ಸಾಧ್ಯವೇ?
– ಓದುಗಿ, ಡೊಂಬಿವಲಿ

ಉತ್ತರ: ಸಾಧ್ಯವಿದೆ, ಆದರೆ ದಯವಿಟ್ಟು ನಾಲ್ಕಕ್ಕೆ ಏಳಬೇಡಿ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆಗಳ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ, ನಿಮಗೆ ಈಗಲೇ ಅಷ್ಟು ಸಿಗುತ್ತಿಲ್ಲ. ರಾತ್ರಿ ಕುಳಿತಾಗ ಬರುವ ತೂಕಡಿಕೆಯನ್ನು ಶ್ರದ್ಧೆಯ ಕೊರತೆ ಎಂದು ತಿಳಿಯಬೇಡಿ. ದೇಹ ತನ್ನ ಬಾಕಿಯನ್ನು ಕೇಳುತ್ತಿದೆ, ಕೊಟ್ಟುಬಿಡಿ. ಬೆಳಗಿನ ಜಾವದ ಸಾಧನೆಗೆ ಬೆಲೆಯಿದೆ ನಿಜ, ಆದರೆ ಅದು ರಾತ್ರಿ ಒಂಬತ್ತಕ್ಕೆ ಮಲಗಲು ಸಾಧ್ಯವಿರುವವರಿಗೆ ಹೇಳಿದ್ದು.

ಕಣ್ಣು ಮುಚ್ಚಿದಾಗ ತರಕಾರಿ ನೆನಪಾಗುವುದರಲ್ಲಿ ಸೋಲೇನೂ ಇಲ್ಲ. ಮನಸ್ಸು ಓಡುತ್ತದೆ, ಓಡುವುದೇ ಅದರ ಸ್ವಭಾವ. ಅದು ಓಡಿತೆಂದು ನಿಮಗೆ ತಿಳಿಯಿತಲ್ಲ, ಆ ತಿಳಿವೇ ಅಭ್ಯಾಸದ ಮುಖ್ಯ ಭಾಗ. ತನ್ನನ್ನು ತಾನು ಬೈದುಕೊಳ್ಳದೆ ಮತ್ತೆ ಉಸಿರಿಗೆ ಮರಳಿದರೆ ಮಾಡಬೇಕಾದ ಕೆಲಸ ಮಾಡಿದಂತಾಯಿತು. ಮತ್ತೆ ಓಡಿದರೆ ಮತ್ತೆ ಮರಳುವುದು. ಮನಸ್ಸು ಖಾಲಿಯಾಗಬೇಕು, ಯೋಚನೆಯೇ ಬರಬಾರದು ಎಂದು ಕಾಯುತ್ತ ಕುಳಿತವರು ವರ್ಷಗಟ್ಟಲೆ ಬೇಸರಪಟ್ಟು ಕೊನೆಗೆ ಬಿಟ್ಟುಬಿಡುವುದನ್ನು ನಾನು ನೋಡಿದ್ದೇನೆ.

ಈ ಅಭ್ಯಾಸಕ್ಕೆ ನಿಮಗೆ ಹೊಸದಾಗಿ ಸಮಯ ಹೊಂದಿಸಬೇಕಾಗಿಲ್ಲ. ಡೊಂಬಿವಲಿಯಿಂದ ಸಿ.ಎಸ್.ಎಂ.ಟಿ. ನಿಲ್ದಾಣಕ್ಕೆ ಸುಮಾರು 48 ಕಿಲೋಮೀಟರ್. ಹೋಗುವಾಗ ಒಂದು ಗಂಟೆಗೂ ಹೆಚ್ಚು, ಬರುವಾಗ ಅಷ್ಟೇ. ಇದರಲ್ಲಿ ಡೊಂಬಿವಲಿಯಿಂದ ಠಾಣೆಯವರೆಗಿನ ಭಾಗವನ್ನು ಮಾತ್ರ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಫೋನು ಪರ್ಸಿನೊಳಗಿರಲಿ. ಕೂರಲು ಜಾಗ ಸಿಕ್ಕಿರುವುದಿಲ್ಲ, ಚಿಂತೆಯಿಲ್ಲ. ಎರಡೂ ಪಾದಗಳ ಮೇಲೆ ಭಾರ ಸಮನಾಗಿ ಬಿದ್ದಿದೆಯೇ, ಹಿಡಿಕೆ ಹಿಡಿದ ಕೈಯ ಭುಜ ಅನಗತ್ಯವಾಗಿ ಬಿಗಿದುಕೊಂಡಿದೆಯೇ, ಹಲ್ಲು ಕಚ್ಚಿಕೊಂಡಿದ್ದೀರಾ, ಇಷ್ಟನ್ನು ಗಮನಿಸಿ ಸಡಿಲಿಸಿ. ಆಮೇಲೆ ಮೂಗಿನ ಹೊಳ್ಳೆಯ ಬಳಿ ಉಸಿರು ಬಂದು ಹೋಗುವುದನ್ನು ಗಮನಿಸುತ್ತ, ಒಳಗೆ ತೆಗೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದನ್ನು ತುಸು ದೀರ್ಘವಾಗಿಸಿ. ಉಸಿರು ಎಳೆದುಕೊಳ್ಳುವಾಗ ಹೃದಯದ ಬಡಿತ ಸ್ವಲ್ಪ ಏರುತ್ತದೆ, ಬಿಡುವಾಗ ಇಳಿಯುತ್ತದೆ. ಆದ್ದರಿಂದಲೇ ನಿಧಾನವಾಗಿ ಉಸಿರು ಬಿಡುವುದರಿಂದ ದೇಹ ತಣ್ಣಗಾಗುತ್ತದೆ. ಮುಂಬ್ರಾ, ಕಳವಾ ದಾಟುವಷ್ಟರಲ್ಲಿ ಮನಸ್ಸು ಎಷ್ಟೋ ಸಲ ಕಚೇರಿಗೆ ಹೋಗಿ ಬಂದಿರುತ್ತದೆ, ಇರಲಿ. ಬಾಗಿಲ ಬಳಿ ನಿಂತಿರುವಾಗ ಮಾತ್ರ ಇದನ್ನು ಮಾಡಕೂಡದು, ಅಲ್ಲಿ ಕಣ್ಣೂ ಕೈಯೂ ಹೊರಗಿನ ಎಚ್ಚರದಲ್ಲೇ ಇರಬೇಕು. ಠಾಣೆಯ ನಂತರ ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವರಾಗಿ ಕೂರುವ ಫೋರ್ತ್ ಸೀಟ್ ಸಿಕ್ಕರೆ ಕೂತು ಗೆಳತಿಯರೊಂದಿಗೆ ಹರಟಿರಿ, ಬೀನ್ಸ್ ಬಿಡಿಸಿಕೊಳ್ಳಿ, ಡಬ್ಬಿಯಲ್ಲಿ ಭಜನಾ ಮಂಡಳಿ ಇದ್ದರೆ ದನಿಗೂಡಿಸಿ. ಮಹಿಳಾ ಡಬ್ಬಿಯ ಆ ಸ್ನೇಹ ಧ್ಯಾನಕ್ಕಿಂತ ಕಡಿಮೆಯದು ಎಂದು ನಾನು ಎಂದೂ ಹೇಳಲಾರೆ.

ಅಡುಗೆಮನೆಯಲ್ಲಿ ದಿನಕ್ಕೆ ಒಂದೇ ಒಂದು ಕೆಲಸವನ್ನು ಹೀಗೆ ಪೂರ್ತಿ ಮನಸ್ಸಿಟ್ಟು ಮಾಡಿ. ಅಕ್ಕಿ ತೊಳೆಯುವುದನ್ನೇ ತೆಗೆದುಕೊಳ್ಳಿ. ಮೊದಲ ನೀರು ಹಾಲಿನಂತೆ ಬೆಳ್ಳಗಿರುತ್ತದೆ, ಎರಡನೆಯದರಲ್ಲಿ ತೌಡಿನ ವಾಸನೆ ಇಳಿಯುತ್ತದೆ, ಮೂರನೆಯದರಲ್ಲಿ ತಳದ ಕಾಳು ಒಂದೊಂದಾಗಿ ಕಾಣುತ್ತದೆ. ಬೆರಳ ಸಂದಿಯಲ್ಲಿ ಕಾಳು ಮೊದಲು ಜಾರುವುದಕ್ಕೂ ಆಮೇಲೆ ತುಸು ಒರಟಾಗಿ ತಾಗುವುದಕ್ಕೂ ವ್ಯತ್ಯಾಸವಿದೆ. ಎರಡು ನಿಮಿಷದ ಈ ಕೆಲಸವನ್ನು ನೀವು ಹೇಗಿದ್ದರೂ ಮಾಡುತ್ತೀರಿ. ಮನಸ್ಸನ್ನೂ ಅಲ್ಲಿಯೇ ಇಟ್ಟುಕೊಂಡು ಮಾಡಿದರೆ ದಿನ ಒಂದು ನೆಲೆಯಿಂದ ಶುರುವಾಗುತ್ತದೆ.

ಇನ್ನೊಂದು ಮಾತನ್ನು ಹೇಳದೆ ಈ ಉತ್ತರ ಮುಗಿಸಲಾರೆ. ಇಷ್ಟು ದೀರ್ಘವಾದ ಪತ್ರದಲ್ಲಿ ನಿಮ್ಮ ಯಜಮಾನರ ಪ್ರಸ್ತಾಪವೇ ಇಲ್ಲ. ಅವರು ಮನೆಯಲ್ಲಿ ಇರುವುದಾದರೆ ನೀರು ತುಂಬಿಸುವುದು ಮತ್ತು ಅಮ್ಮನಿಗೆ ಔಷಧಿ ಕೊಡುವುದು ನಾಳೆಯಿಂದ ಅವರ ಪಾಲಿಗೆ ಬರಲಿ. ದೊಡ್ಡ ಮಗುವಿಗೆ ಹತ್ತು ವರ್ಷ ದಾಟಿದ್ದರೆ ಡಬ್ಬಾ ತುಂಬಿಕೊಳ್ಳುವುದನ್ನು ಕಲಿಸಿ. ಮನೆಯ ಹೊರೆಯನ್ನೆಲ್ಲ ಒಬ್ಬಳ ತಲೆಯ ಮೇಲಿಟ್ಟು, ಅದನ್ನು ಶಾಂತವಾಗಿ ಹೊತ್ತುಕೋ ಎಂದು ಧ್ಯಾನ ಕಲಿಸುವುದು ನ್ಯಾಯವಲ್ಲ. ಹೊರೆ ಹಂಚಿಕೆಯಾದ ಮೇಲೆ ಉಳಿಯುವ ಅಶಾಂತಿಗೆ ಉಸಿರಿನ ಅಭ್ಯಾಸ ನಿಜವಾಗಿಯೂ ಸಹಾಯ ಮಾಡುತ್ತದೆ.

ಪ್ರಶ್ನೆ: ಧಾರವಾಡದವನು, ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಕಡಿಮೆ ವಸ್ತುಗಳಲ್ಲಿ ಬದುಕಬೇಕೆಂಬ ವಿಚಾರ ಮನಸ್ಸಿಗೆ ಹಿಡಿಸಿ ಮನೆಯ ಅರ್ಧದಷ್ಟು ಸಾಮಾನು ಹೊರಹಾಕಿದೆ. ಒಂದೇ ಬಣ್ಣದ ಡಬ್ಬಗಳು, ಒಂದೇ ಬಗೆಯ ಬಟ್ಟೆಗಳು, ತಗ್ಗಾದ ಮರದ ಮಂಚ ಎಲ್ಲವನ್ನೂ ಹೊಸದಾಗಿ ತಂದೆ. ಹೆಂಡತಿಯ ತವರಿನಿಂದ ಬಂದ ಹಿತ್ತಾಳೆ ಪಾತ್ರೆಗಳನ್ನು ಗುಜರಿಗೆ ಕೊಡಲು ಹೊರಟಾಗ ಅವಳು ಅತ್ತಳು, ಎರಡು ವಾರದಿಂದ ಸರಿಯಾಗಿ ಮಾತಾಡುತ್ತಿಲ್ಲ. ಒಬ್ಬ ಮನುಷ್ಯನಿಗೆ ಎಷ್ಟು ವಸ್ತು ಸಾಕು?
– ಓದುಗ, ಪುಣೆ

ಉತ್ತರ: ನಿಮ್ಮ ಪ್ರಶ್ನೆಗೆ ಸಂಖ್ಯೆಯಲ್ಲಿ ಉತ್ತರವಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ, ಅಂದರೆ ಈಗಿನ ಬಸವಕಲ್ಯಾಣದ, ಕಥೆಯೊಂದನ್ನು ನೀವು ಧಾರವಾಡದಲ್ಲಿ ಬಾಲ್ಯದಲ್ಲೇ ಕೇಳಿರುತ್ತೀರಿ. ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಬಂದ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಹಿಗ್ಗಲಿಲ್ಲ; ಈ ಹೆಚ್ಚಿನ ಅಕ್ಕಿಯ ಆಸೆ ನಿಮಗೇಕೆ ಬಂತು ಎಂದು ಕೇಳಿ, ಅದನ್ನು ತಂದಲ್ಲಿಯೇ ಸುರಿದು ಬರಲು ಕಳುಹಿಸಿದರು. ಆ ಮನೆಯಲ್ಲಿ ಇದ್ದದ್ದೇ ಅಲ್ಪ, ಆದರೂ ಲಕ್ಕಮ್ಮನ ಕಣ್ಣು ರಾಶಿಯ ಗಾತ್ರದ ಮೇಲಿರಲಿಲ್ಲ, ಅದನ್ನು ತಂದ ಮನಸ್ಸಿನ ಮೇಲಿತ್ತು. ಅದೇ ಕಣ್ಣಿನಿಂದ ನಿಮ್ಮ ಮನೆಯನ್ನು ನೋಡಿದರೆ, ಹೊರಗೆ ಹೋದ ಹಳೆಯ ಸಾಮಾನಿಗಿಂತ ಒಳಗೆ ಬಂದ ಹೊಸ ಡಬ್ಬಗಳ ಬಗ್ಗೆಯೇ ನಾನು ಹೆಚ್ಚು ಯೋಚಿಸುತ್ತೇನೆ. ಸರಳವಾಗಿ ಕಾಣಬೇಕೆಂಬ ಆಸೆಯೂ ಆಸೆಯೇ, ಅದಕ್ಕೂ ಅಂಗಡಿಯವರು ಸಾಮಾನು ಸಿದ್ಧಪಡಿಸಿ ಇಟ್ಟಿರುತ್ತಾರೆ.

ನನ್ನ ಅಳತೆ ಒಂದೇ. ಒರೆಸಿ, ತೊಳೆದು, ರಿಪೇರಿ ಮಾಡಿಸಿ, ಬಳಸಿ, ಅಗತ್ಯವಿದ್ದವರಿಗೆ ಕೊಟ್ಟು ಪಡೆದು ನೋಡಿಕೊಳ್ಳಲು ಎಷ್ಟು ಆಗುತ್ತದೆಯೋ ಅಷ್ಟು ಇರಲಿ. ಯಾವ ವಸ್ತುವಿನ ಕಡೆಗೆ ವರ್ಷವಿಡೀ ಯಾರ ಕೈಯೂ ಹೋಗಿಲ್ಲವೋ ಅದು ಅಟ್ಟದ ಮೇಲಿದ್ದರೂ ಮನಸ್ಸಿನ ಮೇಲೆ ಭಾರವೇ. ಹಳೆಯ ಬಟ್ಟೆ ಪಡೆದು ಸ್ಟೀಲ್ ಪಾತ್ರೆ ಕೊಡುವ ಬೋಹಾರಿಣ್ ನಿಮ್ಮ ಸೊಸೈಟಿಗೆ ಬರುತ್ತಿದ್ದರೆ ಅಂಥದ್ದನ್ನು ಅವಳಿಗೆ ಕೊಡಬಹುದು, ಪಾತ್ರೆ ಬೇಡವೆಂದೇ ಹೇಳಬಹುದು. ಆದರೆ ಹಿತ್ತಾಳೆ ಪಾತ್ರೆಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಅವು ಹಾಳಾಗಿ ಮೂಲೆ ಸೇರಿಲ್ಲ, ಅವಕ್ಕೆ ಕಲಾಯಿ ಆಗಬೇಕಾಗಿದೆ ಅಷ್ಟೇ.

ಕಲಾಯಿ ಹಾಕುವುದನ್ನು ನೀವು ಹತ್ತಿರದಿಂದ ನೋಡಿಲ್ಲವಾದರೆ ಒಮ್ಮೆ ನೋಡಲೇಬೇಕು. ಒಳಮೈಯನ್ನು ಮೊದಲು ಚೆನ್ನಾಗಿ ಉಜ್ಜಿ ಶುಚಿ ಮಾಡಿಕೊಂಡು ಪಾತ್ರೆಯನ್ನು ಕೆಂಡದ ಮೇಲಿಟ್ಟು ತಿರುಗಿಸುತ್ತಾರೆ. ಕಾದ ಪಾತ್ರೆಗೆ ನವಸಾಗರದ ಪುಡಿ ಬಿದ್ದ ಕೂಡಲೇ ಬಿಳಿ ಹೊಗೆ ಏಳುತ್ತದೆ, ಲೋಹದ ಮೇಲಿನ ಕಿಲುಬು ಬಿಡುತ್ತದೆ. ತವರದ ಕಡ್ಡಿಯನ್ನು ತಾಗಿಸಿದರೆ ಅದು ಕರಗಿ ಹನಿಯಾಗುತ್ತದೆ, ಆ ಹನಿಯನ್ನು ಹತ್ತಿಯ ಮುದ್ದೆಯಿಂದ ಸರಸರನೆ ಒರೆಸುತ್ತಿದ್ದಂತೆ ಹಳದಿ ಲೋಹದ ಒಳಗೆಲ್ಲ ಬೆಳ್ಳಿಯ ಬಣ್ಣ ಹರಡುತ್ತದೆ. ಕೊನೆಗೆ ತಣ್ಣೀರಿನಲ್ಲಿ ಅದ್ದುತ್ತಾರೆ. ಶಾಖ ಹೆಚ್ಚಾದರೆ ತವರ ಸುಡುತ್ತದೆ, ಕಡಿಮೆಯಾದರೆ ಹರಡುವುದಿಲ್ಲ. ಹಾಗಾಗಿ ಕೈಯಲ್ಲಿ ಕೆಲಸವಿರುವಷ್ಟು ಹೊತ್ತು ಆ ಕಲಾಯಿಯವರು ಅತ್ತಿತ್ತ ನೋಡುವುದಿಲ್ಲ. ಧ್ಯಾನದ ಬಗ್ಗೆ ನಾನು ಓದಿದ ಎಷ್ಟೋ ವಿವರಣೆಗಳಿಗಿಂತ ಆ ನೋಟ ನನಗೆ ಹೆಚ್ಚು ಕಲಿಸಿದೆ. ಕಲಾಯಿ ಸವೆದ ಹಿತ್ತಾಳೆಯಲ್ಲಿ ಹುಳಿ ಪದಾರ್ಥ ಮಾಡಿದರೆ ತಾಮ್ರದ ಅಂಶ ಬಿಟ್ಟುಕೊಂಡು ಅಡುಗೆ ಕೆಡುತ್ತದೆ, ಆದ್ದರಿಂದ ಕಾಲಕಾಲಕ್ಕೆ ಮಾಡಿಸುತ್ತಿರಬೇಕು. ನಿಮ್ಮೂರಿನ ಕಸಬಾ ಪೇಠೆಯಲ್ಲಿ ತಾಂಬಟ್ ಆಳಿ ಎಂಬ ತಾಮ್ರಗಾರರ ಓಣಿಯೇ ಇದೆ. ಬರುವ ರವಿವಾರ ಪಾತ್ರೆಗಳನ್ನು ಚೀಲಕ್ಕೆ ಹಾಕಿಕೊಂಡು, ಹೆಂಡತಿಯವರನ್ನು ಕೇಳಿಕೊಂಡು, ಇಬ್ಬರೂ ಕೂಡಿ ಅಲ್ಲಿ ಹೋಗಿ ವಿಚಾರಿಸಿ. ಇನ್ನು ಮುಂದೆ ಅವರ ವಸ್ತುಗಳ ವಿಷಯದಲ್ಲಿ ಅವರದೇ ತೀರ್ಮಾನ ನಡೆಯಲಿ.

ಪ್ರಶ್ನೆ: ಇಗತ್‌ಪುರಿಯ ಹತ್ತು ದಿನಗಳ ವಿಪಶ್ಯನಾ ಶಿಬಿರಕ್ಕೆ ಹೋಗಬೇಕೆಂದಿದ್ದೇನೆ. ಹೋಗಿ ಬಂದರೆ ಬದುಕು ಬದಲಾಗುತ್ತದೆಯೇ?
– ಓದುಗ, ಮುಲುಂಡ್

ಉತ್ತರ: ಹೋಗಬಹುದು, ಆದರೆ ಅಲ್ಲಿ ಏನಿರುತ್ತದೆ ಎಂದು ತಿಳಿದುಕೊಂಡು ಹೋಗಿ. 1924ರಲ್ಲಿ ಬರ್ಮಾದ ಮಂಡಾಲೆಯಲ್ಲಿ ಹುಟ್ಟಿದ ಸತ್ಯನಾರಾಯಣ ಗೋಯೆಂಕಾ ಅವರು ಸಯಾಗ್ಯಿ ಊ ಬಾ ಖಿನ್ ಅವರಿಂದ ಈ ಪದ್ಧತಿಯನ್ನು ಕಲಿತು 1969ರಲ್ಲಿ ಭಾರತಕ್ಕೆ ಬಂದು ಕಲಿಸತೊಡಗಿದರು, 1976ರಲ್ಲಿ ಇಗತ್‌ಪುರಿಯ ಕೇಂದ್ರ ಆರಂಭವಾಯಿತು. ಶಿಬಿರಕ್ಕೆ ಶುಲ್ಕವಿಲ್ಲ; ಮುಗಿಸಿದವರು ಕೊಡುವ ದಾನದಿಂದಲೇ ಅದು ನಡೆಯುತ್ತದೆ. ಫೋನನ್ನು ಒಪ್ಪಿಸಬೇಕು, ಓದು ಬರಹ ಇರುವುದಿಲ್ಲ, ಬೆಳಗ್ಗೆ ನಾಲ್ಕಕ್ಕೆ ಗಂಟೆ ಬಾರಿಸುತ್ತದೆ, ಶಿಬಿರ ಮುಗಿಯುವ ಹತ್ತಿರದವರೆಗೂ ಮೌನವಿರುತ್ತದೆ. ಮೊದಲ ಮೂರು ದಿನ ಉಸಿರನ್ನು ಗಮನಿಸುವ ಆನಾಪಾನ, ನಾಲ್ಕನೆಯ ದಿನದಿಂದ ದೇಹದ ಸಂವೇದನೆಗಳನ್ನು ಸಮಚಿತ್ತದಿಂದ ನೋಡುವ ವಿಪಶ್ಯನಾ. ದಿನಕ್ಕೆ ಸುಮಾರು ಹತ್ತು ಗಂಟೆ ಕುಳಿತಿರಬೇಕಾಗುತ್ತದೆ, ಬೆನ್ನು ಮೊಣಕಾಲುಗಳು ನೋಯುತ್ತವೆ. ನಡುವೆ ಎದ್ದು ಬರುವ ಯೋಚನೆಯಿದ್ದರೆ ಹೋಗದಿರುವುದೇ ವಾಸಿ.

ಬದುಕು ಬದಲಾಗುತ್ತದೆಯೇ ಎಂದರೆ, ಕಸಾರಾ ಘಾಟ್ ಇಳಿದು ಮುಲುಂಡ್‌ಗೆ ಮರಳಿದ ಮೇಲೆ ನೀವು ಏನು ಮಾಡುತ್ತೀರಿ ಎಂಬುದನ್ನು ಅದು ಅವಲಂಬಿಸಿದೆ. ದಿನವೂ ಅಭ್ಯಾಸ ಉಳಿಸಿಕೊಂಡವರಲ್ಲಿ ಬದಲಾವಣೆ ಕಂಡಿದ್ದೇನೆ. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ಮಾತ್ರ ತಮ್ಮ ವೈದ್ಯರನ್ನು ಕೇಳದೆ ಹೋಗಬಾರದು, ಅರ್ಜಿಯಲ್ಲಿ ಅದನ್ನು ಮರೆಮಾಚಲೂಬಾರದು. ದೀರ್ಘ ಮೌನ ಎಲ್ಲರಿಗೂ ಎಲ್ಲ ಕಾಲಕ್ಕೂ ಹಿತವಲ್ಲ.

ಪ್ರಶ್ನೆ: ಕೆಲವು ತಿಂಗಳಿಂದ ಮೂರು ಗಂಟೆಗೇ ಎಚ್ಚರವಾಗುತ್ತದೆ, ಆಮೇಲೆ ನಿದ್ದೆಯಿಲ್ಲ. ಊಟ ರುಚಿಸುವುದಿಲ್ಲ, ಕಾರಣವಿಲ್ಲದೆ ಅಳು ಬರುತ್ತದೆ, ಯಾವುದರಲ್ಲೂ ಆಸಕ್ತಿ ಉಳಿದಿಲ್ಲ. ಭಜನೆಗೆ ಹೋಗು, ಆಸೆ ಕಡಿಮೆ ಮಾಡಿಕೋ ಎನ್ನುತ್ತಾರೆ ಮನೆಯವರು. ಎಲ್ಲ ಮಾಡಿದೆ, ಏನೂ ಆಗಲಿಲ್ಲ.
– ಓದುಗಿ, ಠಾಣೆ

ಉತ್ತರ: ತಾಯಿ, ನೀವು ಬರೆದಿರುವುದು ಆಸೆ ಹೆಚ್ಚಾದ ಮನಸ್ಸಿನ ಲಕ್ಷಣಗಳಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಹೀಗೆಯೇ ಇದ್ದರೆ ವೈದ್ಯರು ಖಿನ್ನತೆಯ ಸಾಧ್ಯತೆಯನ್ನು ಪರಿಶೀಲಿಸುತ್ತಾರೆ, ನಿಮಗಂತೂ ತಿಂಗಳುಗಳೇ ಕಳೆದಿವೆ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ, ಗುಣವಾಗುತ್ತದೆ. ಈ ವಾರವೇ ಮನೋವೈದ್ಯರನ್ನು ಕಾಣಿ. ಥೈರಾಯ್ಡ್ ತೊಂದರೆಯಿಂದಲೂ ಇಂಥ ಲಕ್ಷಣಗಳು ಬರಬಹುದಾದ್ದರಿಂದ ರಕ್ತಪರೀಕ್ಷೆಯ ಬಗ್ಗೆಯೂ ಕೇಳಿ. ಕೂಡಲೇ ಯಾರೊಂದಿಗಾದರೂ ಮಾತಾಡಬೇಕೆನಿಸಿದರೆ 14416ಕ್ಕೆ ಕರೆಮಾಡಿ. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆ, ಉಚಿತ, ಹಗಲು ರಾತ್ರಿ ನಡೆಯುತ್ತದೆ, ಕನ್ನಡದಲ್ಲಿಯೂ ಮಾತಾಡಬಹುದು. ಸಾಯಬೇಕೆಂಬ ಯೋಚನೆ ಒಮ್ಮೆಯಾದರೂ ಬಂದಿದ್ದರೆ ಅದನ್ನು ಅವರಿಗೂ ಮನೆಯ ಒಬ್ಬರಿಗಾದರೂ ಹೇಳಿ, ಒಬ್ಬರೇ ಇರಬೇಡಿ.

ನಿಮ್ಮ ಮನೆಯವರಿಗೆ ಈ ಪುಟವನ್ನು ಓದಿ ಹೇಳಿ. ಅವರು ಪ್ರೀತಿಯಿಂದಲೇ ಹೇಳಿದ್ದಾರೆಂದು ನಂಬುತ್ತೇನೆ, ಆದರೆ ಈಗ ನಿಮಗೆ ಬೇಕಾಗಿರುವುದು ಆಸ್ಪತ್ರೆಗೆ ಜೊತೆಯಾಗಿ ಬರುವ ಒಬ್ಬರು.

ಪ್ರಶ್ನೆ: ಅಂಕೋಲೆಯ ಕಡೆಯವನು, ಬಂದರಿನಲ್ಲಿ ಕೆಲಸ ಮಾಡಿ ನಿವೃತ್ತನಾಗಿ ವಾಸ್ಕೋದಲ್ಲೇ ಉಳಿದಿದ್ದೇನೆ. ಮಡದಿ ತೀರಿಕೊಂಡಿದ್ದಾಳೆ, ಮಕ್ಕಳು ದೂರದಲ್ಲಿದ್ದಾರೆ. ನನ್ನಷ್ಟು ಸರಳ ಬದುಕು ಯಾರದೂ ಇರಲಿಕ್ಕಿಲ್ಲ: ಎರಡು ಪಂಚೆ, ಒಂದು ಹೊತ್ತಿನ ಅಡುಗೆ, ಖರ್ಚೇ ಇಲ್ಲ. ಬೆಳಗಿನಿಂದ ಟಿ.ವಿ. ಸುದ್ದಿ, ವಾಟ್ಸ್ಆ್ಯಪ್ ನೋಡುತ್ತ ಕೂರುತ್ತೇನೆ, ಸಂಜೆಗೆ ತಲೆ ಭಾರವಾಗಿ ಏನೋ ಭಯ. ಸರಳವಾಗಿದ್ದರೂ ನೆಮ್ಮದಿ ಏಕಿಲ್ಲ?
– ಓದುಗ, ವಾಸ್ಕೋ

ಉತ್ತರ: ಹಿರಿಯರೇ, ನಿಮ್ಮ ಪತ್ರ ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಸಾಮಾನು ಕಡಿಮೆಯಾದ ಮಾತ್ರಕ್ಕೆ ಮನಸ್ಸು ತಣ್ಣಗಾಗುವುದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಡೊಂಬಿವಲಿಯ ಓದುಗಿಗೆ ನೋಡಿಕೊಳ್ಳಬೇಕಾದದ್ದು ಮಿತಿಮೀರಿದೆ, ನಿಮಗೆ ಅಂಥದ್ದು ಏನೂ ಉಳಿದಿಲ್ಲ. ನೋಡಿಕೊಳ್ಳಲು ಏನೂ ಇಲ್ಲದ ಮನಸ್ಸು ಲೋಕದ ಯುದ್ಧ, ಅಪಘಾತ, ಜಗಳಗಳನ್ನೆಲ್ಲ ಒಳಗೆ ಕರೆದುಕೊಂಡು ಕೂರುತ್ತದೆ, ಅವುಗಳಲ್ಲಿ ಯಾವುದನ್ನೂ ಸರಿಪಡಿಸುವುದು ನಿಮ್ಮ ಕೈಯಲ್ಲಿಲ್ಲ.

ಸುದ್ದಿಗೆ ದಿನದಲ್ಲಿ ಒಂದು ಹೊತ್ತನ್ನು ಗೊತ್ತುಮಾಡಿ, ಸಾಧ್ಯವಾದರೆ ಪತ್ರಿಕೆಯಲ್ಲೇ ಓದಿ. ರಾತ್ರಿ ಮಲಗುವ ಮೊದಲು ಬೇಡ. ಒಂದು ಹೊತ್ತಿನ ಅಡುಗೆಯನ್ನು ಎರಡು ಹೊತ್ತು ಉಣ್ಣುತ್ತೀರೋ ಅಥವಾ ಒಂದೇ ಹೊತ್ತು ಉಣ್ಣುತ್ತೀರೋ ನೀವು ಬರೆದಿಲ್ಲ. ಎರಡನೆಯದಾದರೆ ದಯವಿಟ್ಟು ಬದಲಿಸಿಕೊಳ್ಳಿ, ವಯಸ್ಸಾದ ದೇಹಕ್ಕೆ ಅದು ಸರಳತೆಯಲ್ಲ, ಅಲಕ್ಷ್ಯ.

ಬಾಲ್ಕನಿಯಲ್ಲಿ ಅಥವಾ ಅಂಗಳದಲ್ಲಿ ಬಿಸಿಲು ಬೀಳುವ ಜಾಗವಿದ್ದರೆ ಕೆಂಪು ಹರಿವೆ ಬಿತ್ತಿ. ಹಾಲಕ್ಕಿ ಹೆಂಗಸರು ಅಂಕೋಲೆ ಪೇಟೆಯಲ್ಲಿ ಸೊಪ್ಪು ಮಾರುತ್ತಿದ್ದುದನ್ನು ಕಂಡು ಬೆಳೆದ ನಿಮಗೆ ನಾನು ಹೇಳಿಕೊಡಬೇಕಾದದ್ದಿಲ್ಲ, ಆದರೂ ನೆನಪಿಸುತ್ತೇನೆ: ಬೀಜ ಸಾಸಿವೆಗಿಂತ ಸಣ್ಣದು, ಮರಳಿನೊಂದಿಗೆ ಬೆರೆಸಿ ಉದುರಿಸಿದರೆ ಒಂದೇ ಕಡೆ ದಟ್ಟವಾಗುವುದಿಲ್ಲ. ಮೇಲೆ ತೆಳ್ಳಗೆ ಮಣ್ಣು, ಚಿಮುಕಿಸಿದಂತೆ ನೀರು. ನಾಲ್ಕೈದು ದಿನಕ್ಕೆ ಮೊಳಕೆ, ಒಂದು ತಿಂಗಳ ಆಸುಪಾಸಿಗೆ ಸೊಪ್ಪು. ಜಡಿಮಳೆಯಲ್ಲಿ ಎಳೆಯ ಸಸಿ ಮಲಗಿಬಿಡುತ್ತದೆ, ಮರೆ ಮಾಡಬೇಕು. ಬೆಳಗ್ಗೆ ಎದ್ದ ಕೂಡಲೇ ಫೋನಿನ ಬದಲು ಆ ಕುಂಡದ ಕಡೆಗೆ ಹೋಗುವಂತಾದರೆ ನಿಮ್ಮ ಸಂಜೆಯೂ ಬೇರೆಯಾಗುತ್ತದೆ ಎಂದು ನನಗೆ ಭರವಸೆಯಿದೆ.

ಸೊಪ್ಪು ಒಬ್ಬರಿಗೆ ಮುಗಿಯದಷ್ಟು ಬರುತ್ತದೆ, ನೆರೆಯವರಿಗೆ ಕೊಡಿ. ವಾಸ್ಕೋ ಸುತ್ತಮುತ್ತ ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಕುಟುಂಬಗಳು ಬಹಳ. ಅವರ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ವಾರಕ್ಕೆರಡು ಸಂಜೆ ನಾಲ್ಕು ಮಕ್ಕಳಿಗೆ ಅಕ್ಷರ ಕಲಿಸಲು ನಿಮ್ಮಂಥವರು ಒಬ್ಬರು ಸಾಕು. ಮಡದಿಯವರನ್ನು ಕಳೆದುಕೊಂಡ ದುಃಖ ಇದರಿಂದ ಹೋಗುವುದಿಲ್ಲ, ಹೋಗಬೇಕೆಂದೂ ಇಲ್ಲ. ಅವರ ಬಗ್ಗೆ ಮಕ್ಕಳೊಂದಿಗೆ ಫೋನಿನಲ್ಲಿ ಮಾತಾಡುತ್ತಿರಿ. ನೀವು ಸುಮ್ಮನಿದ್ದರೆ ಅವರೂ ಸುಮ್ಮನಿರುತ್ತಾರೆ.

ಪ್ರಶ್ನೆ: ಊರು ಶಿರಸಿ, ಪುಣೆಯಲ್ಲಿ ಓದುತ್ತಿದ್ದೇನೆ. ಈ ನಗರದ ಗದ್ದಲದಲ್ಲಿ ಮನುಷ್ಯ ಹೆಚ್ಚೆಂದರೆ ಸಮಾಧಾನವಾಗಿ ಇರಬಹುದು, ವಿವೇಕಿಯಾಗುವುದು ಸಾಧ್ಯವಿಲ್ಲ ಅನಿಸುತ್ತದೆ. ಓದು ಬಿಟ್ಟು ಅಡಿಕೆ ತೋಟಕ್ಕೆ ಮರಳಿ ಸರಳವಾಗಿ ಬದುಕಲೇ?
– ಓದುಗ, ಪುಣೆ

ಉತ್ತರ: ಲೋಣಾವಳದ ಹತ್ತಿರದ ಕಾರ್ಲಾ ಗುಹೆಗಳಿಗೆ ನೀವು ಹೋಗಿರಬಹುದು. ಸುಮಾರು 2000 ವರ್ಷಗಳ ಹಿಂದಿನ ಅಲ್ಲಿನ ಚೈತ್ಯದಲ್ಲಿ, ಅಂದರೆ ಬೌದ್ಧರ ಪ್ರಾರ್ಥನಾ ಮಂದಿರದಲ್ಲಿ, ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನವೊಂದಿದೆ. ಜಂಬೂದ್ವೀಪದಲ್ಲೇ ಶ್ರೇಷ್ಠವಾದ ಈ ಶಿಲಾಗೃಹವನ್ನು ವೈಜಯಂತಿಯ ಶ್ರೇಷ್ಠಿ ಭೂತಪಾಲ ಮಾಡಿಸಿದನೆಂದು ಅದು ಹೇಳುತ್ತದೆ. ವೈಜಯಂತಿ ಎಂದರೆ ನಿಮ್ಮ ಶಿರಸಿ ತಾಲೂಕಿನ ಬನವಾಸಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ನಿಮ್ಮ ಕಡೆಯ ವರ್ತಕನೊಬ್ಬ ನೀವು ಈಗ ಓದುತ್ತಿರುವ ಸೀಮೆಯಲ್ಲಿ ಭಿಕ್ಷುಗಳಿಗೆ ನೆಲೆ ಕಟ್ಟಿಸಿದ. ಆ ಜಾಗ ಜನರಿಂದ ದೂರವಾಗಿರಲಿಲ್ಲ. ಘಟ್ಟ ಹತ್ತುವ ವ್ಯಾಪಾರದ ದಾರಿಯ ಪಕ್ಕದಲ್ಲೇ ಇತ್ತು, ಸರಕು ಹೊತ್ತ ಎತ್ತುಗಳು ಕೆಳಗೆ ಸಾಗುತ್ತಿದ್ದವು, ವರ್ತಕರ ದಾನದಿಂದ ಅಲ್ಲಿನ ಬದುಕು ನಡೆಯುತ್ತಿತ್ತು. ಮುಂಬೈಯ ಕಾನ್ಹೇರಿಯ ನೂರಕ್ಕೂ ಹೆಚ್ಚು ಗುಹೆಗಳೂ ಸೋಪಾರಾ, ಕಲ್ಯಾಣ ಎಂಬ ವ್ಯಾಪಾರ ಪಟ್ಟಣಗಳಿಗೆ ಹತ್ತಿರದಲ್ಲೇ ಇದ್ದವು. ಮಲಗಲು ಒಂದು ಕಲ್ಲಿನ ಜಗಲಿ, ಮಳೆನೀರು ಹಿಡಿಯಲು ಒಂದು ತೊಟ್ಟಿ, ಇಷ್ಟರಲ್ಲಿ ಬದುಕಿದವರು ಗದ್ದಲವನ್ನು ಅಷ್ಟು ದೂರ ಮಾಡಲಿಲ್ಲ.

ವಿವೇಕ ಎಂಬುದಕ್ಕೆ ನಾನು ದೊಡ್ಡ ಅರ್ಥ ಕಟ್ಟುವುದಿಲ್ಲ. ಕೋಪ ಬಂದಾಗ ಅದು ಎದೆಯಲ್ಲೋ ಕಿವಿಯಲ್ಲೋ ಬಿಸಿಯಾಗಿ ಏರುವುದು ಮಾತು ಹೊರಡುವ ಮೊದಲೇ ತಿಳಿದರೆ, ಆ ಮಾತನ್ನು ಆಡಬೇಕೇ ಬೇಡವೇ ಎಂದು ಆರಿಸಿಕೊಳ್ಳಲು ಜಾಗ ಸಿಗುತ್ತದೆ. ಆ ಜಾಗದಲ್ಲಿ ಮಾಡಿದ ಸಣ್ಣ ಸಣ್ಣ ಆಯ್ಕೆಗಳೇ ಒಟ್ಟುಗೂಡಿ ಒಬ್ಬನನ್ನು ವಿವೇಕಿಯನ್ನಾಗಿಸುತ್ತವೆ ಎಂದು ನಂಬಿದ್ದೇನೆ. ಅದನ್ನು ಕಲಿಯಲು ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಇನ್ನಿಬ್ಬರೊಂದಿಗೆ ಬಾಳುವುದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಬಾಲ್ಯದಲ್ಲಿ ಮಲೇರಿಯಾ, ಕ್ಷಯದಂಥ ಕಾಯಿಲೆಗಳಿಂದ ಕೃಶರಾಗಿದ್ದವರು, 1937ರಲ್ಲಿ ಯೋಗ ಕಲಿಸಲು ಇದೇ ಪುಣೆಗೆ ಬಂದು 2014ರಲ್ಲಿ ಕಣ್ಮುಚ್ಚುವವರೆಗೆ ಇಲ್ಲಿಯೇ ಉಳಿದರು. ನೆಟ್ಟಗೆ ನಿಲ್ಲುವ ತಾಡಾಸನವೊಂದರಲ್ಲೇ ಹಿಮ್ಮಡಿಯ ಯಾವ ಅಂಚಿಗೆ ಭಾರ ಬಿದ್ದಿದೆ, ಬೆರಳುಗಳು ಬಿಗಿದಿವೆಯೇ ಎಂದು ನೋಡಲು ಕಲಿಸುವ ಪದ್ಧತಿ ಅವರದು. ದೇಹವನ್ನು ಅಷ್ಟು ಸೂಕ್ಷ್ಮವಾಗಿ ನೋಡಲು ಕಲಿತವನು ಕೋಪವನ್ನೂ ಬೇಗ ಗುರುತಿಸುತ್ತಾನೆ. ಅವರ ಸಂಸ್ಥೆ ಈಗಲೂ ನಿಮ್ಮ ಊರಿನಲ್ಲಿದೆ, ತರಗತಿಗಳ ಬಗ್ಗೆ ವಿಚಾರಿಸಬಹುದು.

ತೋಟಕ್ಕೆ ಮರಳುವುದನ್ನು ನಾನು ಬೇಡವೆನ್ನುವುದಿಲ್ಲ, ಊರಿಗೆ ನಿಮ್ಮಂಥ ತರುಣರು ಬೇಕು. ಆದರೆ ತೋಟದ ಬದುಕು ಸರಳವೆಂದು ತೋಟ ನಡೆಸುವವರು ಯಾರೂ ಹೇಳಲಿಕ್ಕಿಲ್ಲ. ಮಳೆ ಹಿಡಿದರೆ ಕೊಳೆರೋಗದ ಆತಂಕ, ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತುವವರಿಗಾಗಿ ಅಲೆದಾಟ, ಕೊಯಿಲಿನ ನಂತರ ಧಾರಣೆಯ ಏರಿಳಿತ ಎಲ್ಲವೂ ಅಲ್ಲಿವೆ. ಅವನ್ನು ಬಲ್ಲವನಾಗಿ ಹೋದರೆ ಅಲ್ಲಿ ನೆಲೆ ನಿಲ್ಲುತ್ತೀರಿ, ನಗರದ ಬೇಸರದಿಂದ ಓಡಿಹೋದರೆ ಆ ಬೇಸರವೂ ಜೊತೆಗೆ ಬರುತ್ತದೆ. ಹಿಡಿದ ಪದವಿಯನ್ನು ಮೊದಲು ಮುಗಿಸಿ. ಆಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಮಳೆಗಾಲ ಪೂರ್ತಿ ತೋಟದಲ್ಲಿ ದುಡಿದು, ತಂದೆಯವರ ಜೊತೆ ಕುಳಿತು ಕಳೆದ ಕೆಲವು ವರ್ಷಗಳ ಜಮಾಖರ್ಚಿನ ಪುಸ್ತಕ ನೋಡಿ, ಅವರ ಅಭಿಪ್ರಾಯವನ್ನೂ ಕೇಳಿಕೊಂಡು ತೀರ್ಮಾನಿಸಿ.